ತೊಗಲಿಗೆ ಹೆಪ್ಪ ಹಾಕಿದ್ದು

ತೊಗಲಿನ ದವಾಖಾನಿಗೆ ಹೋಗಿ ಹೊಟ್ಟಿ ಹಿಡ್ಕೊಂಡು ನಕ್ಕು ಬಂದವರು ಭಾಳ ಮಂದಿ ಇರಲಿಕ್ಕಿಲ್ಲ. ನನಗ ಹೋದ ಮಳಿಗಾಲದಾಗ ಎರಡ ತಿಂಗಳು ಅದ ಆತು. ವಾರಕ್ಕೊಮ್ಮೆ ಗಜೇಂದ್ರಗಡದಿಂದ ರೋಣಕ್ಕ ಬಸ್ಸಿನ್ಯಾಗ ಹೋಗೂವಾಗ ಮಾರಿ ಸಪ್ಪಗ ಇರ್ತಿತ್ತು, ಬರೂವಾಗ ಒಂದಿಲ್ಲೊಂದು ಸುದ್ದಿ ನೆನಸಿಕೊಂಡು ಒಬ್ಬಾಕಿನ ನಗತಿದ್ದೆ. ಬಾಜೂ ಕುಂತವರು ಸರಕೊಂಡು ಕುಂದರತಿದ್ರು.

ನಮ್ಮದು ಕೈಮಗ್ಗದ ಮನಿ. ನಮ್ಮ ಮನಿಯವರು ಸೀರಿ ನೇಯ್ತಾರ, ಅತ್ತಿ ಲಾಳಿಯೊಳಗಿನ ಕಂಡಿಕಿಗೆ ನೂಲು ಸುತ್ತತಾರ, ನಾ ಎಳಿ ಕೂಡಸ್ತೇನಿ. ಮಗ್ಗದ ಮ್ಯಾಲಿನ ಹಾಸು, ಅಂದ್ರ ಉದ್ದಕ ಬಿಗಿದ ಎಳಿ, ಮುಗಿಯೂ ಹೊತ್ತಿಗೆ, ಹಳೇ ಹಾಸಿನ ಒಂದೊಂದ ಎಳಿಗೆ ಹೊಸಾ ಹಾಸಿನ ಒಂದೊಂದ ಎಳಿ ಹಚ್ಚಿ, ಎರಡ ಬೆರಳಿನ ನಡುವ ಹಿಡದು ಹೊಸಿಬೇಕು. ಹಂಗ ಸಾವಿರಾರು ಎಳಿ. ಜಾರಬಾರದಂತ ಬೆರಳಿಗೆ ಒಲಿ ಬೂದಿ ಹಚ್ಕೋತೇವಿ. ಮೊದಲ ಈ ಕೆಲಸ ಅತ್ತಿದು. ಅವರ ಕಣ್ಣ ಮಂಜಾದ ಮ್ಯಾಲ ನನಗ ಬಂತು.

ಆ ಬೆರಳು ಕೆಟ್ಟವು. ಮೊದಲ ಕೆಂಪಾದವು, ಆಮ್ಯಾಲ ತಿಂಡಿ ಹತ್ತಿತು, ಕೆರದು ಕೆರದು ಸೀಳಿದವು. ರೇಶ್ಮಿ ಎಳಿ ಹಿಡದ್ರ ಬೆರಳಿನ ಸೀಳಿಗೆ ಸಿಕ್ಕೊಂಡು ಪಟ್ಟನ ಹರೀತಿತ್ತು. ಮಗ್ಗದ ಮ್ಯಾಲ ಇನ್ನ ಆರು ಸೀರಿ ಆಗೂವಷ್ಟು ಹಾಸು ಇತ್ತು. ಅದು ಮುಗಿಯೂದ್ರಾಗ ನನ್ನ ಬೆರಳು ನೆಟ್ಟಗಾಗಲಿಲ್ಲಂದ್ರ ಮಗ್ಗ ನಿಂತಂಗ. ಅತ್ತಿ ಮಾವ ಕೂಡಿ ಹಾಕಿದ ಮಗ್ಗ ನನ್ನ ಕೈಯಿಂದ ನಿಂತ್ರ ನಾ ಯಾರಿಗೆ ಮಾರಿ ತೋರಸಲಿ?

ತಿಂಡಿ ಆತೇನು

ರೋಣದ ಆ ದವಾಖಾನಿಗೆ ವಾರಕ್ಕೊಂದು ದಿನ ತೊಗಲಿನ ಡಾಕ್ಟರಬಾಯಿ ಬರ್ತಿದ್ರು. ಮೈಸೂರ ಕಡೆಯವರು, ಈ ಕಡೆ ಬಂದು ಇನ್ನ ತಿಂಗಳಾಗಿದ್ದಿಲ್ಲ. ಸಣ್ಣ ವಯಸ್ಸು, ನಗುಮಾರಿ, ಮಾತು ಬೆಣ್ಣಿಯಂಗ. ನಾನೂ ಅತ್ತಿಯೂ ಮೊದಲ ಸಲ ಹೋದಾಗ, ಹಸಿದ ಹೊಟ್ಟಿಗೆ ಗುಳಿಗಿ ಬ್ಯಾಡಂತಲೋ ಏನೋ, ಮೊದಲ ಅದನ್ನ ಕೇಳಿದ್ರು.

"ತಿಂಡಿ ಆಯ್ತಾ ಅಮ್ಮ?"

"ಆಗೇತ್ರಿ. ಅದಕ್ಕ ಬಂದೇನ್ರಿ."

"ಯಾವಾಗ ಆಯ್ತು?"

"ಎರಡ ತಿಂಗಳಾತ್ರಿ."

ಅವರು ಪೆನ್ನು ಕೆಳಗಿಟ್ರು. "ಎರಡು ತಿಂಗಳಿಂದ ತಿಂಡೀನೇ ಇಲ್ವಾ?"

"ಇಲ್ಲ ಅಂತಲ್ರಿ, ಬಿಟ್ಟೂಬಿಡದ ಐತಿ. ರಾತ್ರಿ ಅಂತೂ ಕೇಳಬ್ಯಾಡ್ರಿ."

"ರಾತ್ರಿ ಹೊತ್ತು ತಿಂಡೀನಾ?"

"ಹೌದ್ರಿ. ಎರಡೂ ಕೈಗೆ."

"ಎರಡೂ ಕೈಲಿ," ಅಂತ ಅವರು ಮೆಲ್ಲಕ ಅಂದು ನನ್ನ ಮೈಕಟ್ಟು ಒಮ್ಮೆ ನೋಡಿದ್ರು. ನಾ ಕಡ್ಡಿಯಂಗ ಇದ್ದೆ. ಅಷ್ಟರಾಗ ನಮ್ಮ ಅತ್ತಿ ನಡುವ ಬಾಯಿ ಹಾಕಿದ್ರು: "ಬರೇ ಕೈಗೆ ಅಲ್ರಿ, ಇಕಿಗೆ ಬಾಯಿ ತಿಂಡೀನೂ ಭಾಳ ಐತಿ. ಅದಕ್ಕೂ ಏನರ ಕೊಡ್ರಿ."

ನಾ ಆವಾಗ ಕೈ ಮುಂದ ಚಾಚಿ ಕೆರಕೊಂಡು ತೋರಿಸಿದೆ. "ಬಾಯಾರ, ನಮ್ಮ ಕಡೆ ತಿಂಡಿ ಅಂದ್ರ ಇದು. ತಿನ್ನೂದಕ್ಕ ನಾವು ನಾಷ್ಟಾ ಅಂತೇವಿ." ಡಾಕ್ಟರಬಾಯಿ ಕಣ್ಣಾಗ ನೀರು ಬರೂತನಾ ನಕ್ರು. ಮುಂದಿನ ವಾರದಿಂದ ನೀವು ನನ್ನ ಪಕ್ಕದಲ್ಲಿ ಕೂತು ಇವರು ಹೇಳೋದನ್ನ ನನಗೆ ತಿಳಿಸಿ ಅಂತ ಕೇಳ್ಕೊಂಡ್ರು. ಹಂಗ ನಾ ಪೇಶೆಂಟ ಹೋಗಿ ದುಭಾಷಿ ಆದೆ. ನಗೂದು ನಿಂತ ಮ್ಯಾಲ ಅವರ ಮಾರಿ ಒಮ್ಮೆಲೆ ಸಣ್ಣದಾತು.

"ಹೋದ ವಾರ ಬಂದವರೆಲ್ಲ ತಿಂಡಿ ಜಾಸ್ತಿ ಆಗಿದೆ ಅಂದ್ರು ಕಣ್ರೀ. ನಾನು ಎಲ್ಲರಿಗೂ, ಒಂದು ಇಡ್ಲಿ ಕಮ್ಮಿ ತಿನ್ನಿ ಅಂತ ಹೇಳಿ ಕಳಿಸಿದ್ದೀನಿ."

ನಾಜೂಕ ತೊಗಲು

ಕೈ ಹೊಳ್ಳಿಸಿ ಹೊಳ್ಳಿಸಿ ನೋಡಿದ ಮ್ಯಾಲ ಅವರು, "ನಿಮ್ಮದು ಸೂಕ್ಷ್ಮ ಚರ್ಮ," ಅಂದ್ರು. ಅತ್ತಿಗೆ ತಿಳಿಲಿಲ್ಲ. ನಾ ಹೇಳಿದೆ: "ನಂದು ನಾಜೂಕ ತೊಗಲಂತ್ರಿ ಅತ್ತಿ."

ಅತ್ತಿ ನನ್ನ ಒಮ್ಮೆ ನೋಡಿದ್ರು, ಡಾಕ್ಟರಬಾಯಿನ ಒಮ್ಮೆ ನೋಡಿದ್ರು. "ಬಾಯಾರ, ಇಪ್ಪತ್ತ ವರ್ಷ ಆತು ನಾ ಇಕಿಗೆ ಬೈಯಾಕ ಹತ್ತಿ. ಒಂದ ದಿನ ಇಕಿ ತೊಗಲಿಗೆ ನಾಟಿಲ್ಲ. ಇನ್ನೊಮ್ಮೆ ಸರಿಯಾಗಿ ನೋಡ್ರಿ."

ಮೆಣಸಿನಕಾಯಿ

ಇಷ್ಟ ದಿನ ಕೈಗೆ ಏನೇನು ಹಚ್ಚಿದ್ರಿ ಅಂತ ಕೇಳಿದ್ರು. ಏನು ಹಚ್ಚಿದ್ದಿಲ್ಲ ಅಂತ ಕೇಳಿದ್ರ ಲಗೂ ಮುಗೀತಿತ್ತು. ಓಣಿ ಮಂದಿ ಎಲ್ಲಾ ನನ್ನ ಕೈಗೆ ಡಾಕ್ಟರ ಆಗಿದ್ರು. ಒಬ್ಬಾಕಿ ನಿಂಬಿಹಣ್ಣ ತಿಕ್ಕು ಅಂದ್ಲು, ಇನ್ನೊಬ್ಬಾಕಿ ಉಳ್ಳಾಗಡ್ಡಿ ರಸ, ಮತ್ತೊಬ್ಬಾಕಿ ಹಸಿ ಅರಿಶಿಣ, ಅದರ ಮ್ಯಾಲ ಬೇವಿನ ಎಣ್ಣಿ. ಹಚ್ಚಿದಾಗೆಲ್ಲಾ ಬೆಂಕಿ ಬಿದ್ದಂಗ ಉರೀತಿತ್ತು. ಉರದ್ರ ಮುಲಾಮು ಕೆಲಸ ಮಾಡ್ತೈತಿ ಅಂತ ಸಮಾಧಾನ ಬ್ಯಾರೆ ಹೇಳ್ತಿದ್ರು.

"ಇದೆಲ್ಲ ಯಾಕ್ರೀ ಹಚ್ಚಿದ್ರಿ?"

"ಎಲ್ಲಾ ಗಿಡದ್ದ ಅಲ್ಲೇನ್ರಿ. ಗಿಡದ್ದು ಏನೂ ಮಾಡೂದಿಲ್ಲ ಅಂದ್ರು."

ಅಷ್ಟು ಮೆತ್ತಗ ಮಾತಾಡವರು ಅವತ್ತ ದನಿ ಏರಿಸಿದ್ರು. "ಗಿಡದ್ದಾದ್ರೆ ಎಲ್ಲಾನೂ ತಂಪಾ? ಮೆಣಸಿನಕಾಯಿ?"

ಹೊರಗ ಬೆಂಚಿನ ಮ್ಯಾಲ ಕುಂತಿದ್ದ ಸವಡಿಯ ಹಿರ್ಯಾರೊಬ್ಬರು ಗಡಬಡಿಸಿ ಎದ್ದು, ಧೋತರ ಸರಿ ಮಾಡ್ಕೊಂಡು, "ಬಂದೆರಿ," ಅಂತ ಒಳಗ ಬಂದು ನಿಂತ್ರು. ಡಾಕ್ಟರಬಾಯಿ ನನ್ನ ಕಡೆ ನೋಡಿದ್ರು. ನಾ ಹೇಳಿದೆ, ಅದು ಅವರ ಅಡ್ಡಹೆಸರು ರೀ. ನಮ್ಮ ಕಡೆ ಬೆಲ್ಲ, ಎಣ್ಣಿ, ಅಕ್ಕಿ, ಉಪ್ಪು ಎಲ್ಲಾದ್ರ ಮ್ಯಾಲೂ ಮನೆತನ ಅದಾವ.

ಡಾಕ್ಟರಬಾಯಿ ನಗೂ ತಡಕೊಂಡು, ಬಂದವರು ಬಂದ್ರಿ, ಕೂತ್ಕೊಳ್ಳಿ ಅಂತ ಅವರನ್ನೂ ಕುಂದರಿಸಿ, ನನಗ ಪಥ್ಯ ಹೇಳಿದ್ರು. ಸಾಬೂನ ಬಂದ್. ಒಲಿ ಬೂದಿ ಪೂರಾ ಬಂದ್. ಬೂದಿ ಅಂದ್ರ ಖಾರಾ ಸಾಬೂನ ಇದ್ದಂಗ, ತೊಗಲಿನ ಮ್ಯಾಲಿನ ಕಾವಲ ಎಲ್ಲಾ ತಿಂದಬಿಡ್ತೈತಿ ಅಂದ್ರು. ಉಗುರು ಬೆಚ್ಚಗಿನ ನೀರಾಗ ಕೈ ತೊಳದು, ಒತ್ತಿ ಒರಿಸಿ, ಹಸಿ ಇದ್ದಾಗನ ಒಂದೀಟ ಕುಸುಬಿ ಎಣ್ಣಿ. ಲೋಳಸರ ಹಚ್ಚಬೇಕಂದ್ರ ಕೊಯ್ದ ಕೂಡ್ಲೆ ಸೋರೂ ಹಳದಿ ಹಾಲು ಪೂರಾ ಇಳಿಸಿ, ನಡುವಿನ ತಿಳಿ ಲೋಳಿ ಅಷ್ಟ.

ಕುಸುಬಿ ಎಣ್ಣಿ ಅಂದಕೂಡ್ಲೆ ಆ ಹಿರ್ಯಾರು, "ನಮ್ಮ ಹೊಲದ್ದು ಐತ್ರಿ, ಗಾಣದ್ದು," ಅಂದ್ರು. ಮುಂದಿನ ವಾರ ಖರೇನ ಒಂದ ಸೀಸೆ ತಂದ ಕೊಟ್ರು. ಇವತ್ತಿಗೂ ನನ್ನ ಕೈಗೆ ಅವರ ಮನಿ ಎಣ್ಣಿನ. ಗುರುತಿಲ್ಲ ಪರಿಚಯ ಇಲ್ಲ, ಯಾಕ್ರಿ ಇಷ್ಟ ಉಪಕಾರ ಅಂತ ಕೇಳಿದ್ರ ಏನಂದ್ರು ಗೊತ್ತೇನು? "ತಗೋಳವಾ ತಂಗಿ. ನಮ್ಮ ಹೆಸರು ಮೆಣಸಿನಕಾಯಿ ಅಷ್ಟ, ಮನುಷ್ಯಾರು ತಂಪ ಅದೇವಿ."

ದಿನಕ್ಕ ಎರಡ ಓಟು

ಬೆಳವಣಕಿಯ ಒಬ್ಬ ಅಜ್ಜಾರು ಬಂದಿದ್ರು. ಬೆನ್ನ ಒಣಗಿ ಬಿರಕು ಬಿಟ್ಟಿತ್ತು. ಹಾಸಿಗಿಗೆ ಬೆನ್ನ ಹಚ್ಚಿದ್ರ ಉರಿ. ದಿನಾ ಕುದಿಯೂ ನೀರು ಹೊಯ್ಕೊಂಡು ಅಂಗಳಾಗಿನ ಕಲ್ಲಿಲೆ ಬೆನ್ನ ತಿಕ್ಕೋತಿದ್ರಂತ. ಡಾಕ್ಟರಬಾಯಿ ಅವರಿಗೆ ಹೇಳಿದ್ರು: "ಇನ್ನು ಕಲ್ಲು ಬೇಡ. ದಿನಾ ಎರಡು ಹೊತ್ತು ಓಟ್ಸ್ ಹಾಕ್ಕೊಳ್ಳಿ."

ಅಜ್ಜಾರು ಗಾಬರಿಯಾಗಿ ಕೈ ಅಲ್ಲಾಡಿಸಿದ್ರು. "ತಪ್ಪ ಆಗ್ತೈತಿ ತಂಗಿ. ಒಬ್ಬ ಮನಿಷಾಗ ಒಂದ ಓಟು. ದಿನಾ ಎರಡ ಹಾಕಿದ್ರ ಹಿಡದ ಒಳಗ ಹಾಕ್ತಾರ."

ನಾ ಅವರಿಗೆ ಬಿಡಿಸಿ ಹೇಳಿದೆ. ಇದು ಚುನಾವಣಿದಲ್ಲ ಅಜ್ಜಾರ, ಗೋದಿ ಇದ್ದಂಗ ಒಂದ ಕಾಳು. ಕಿರಾಣಿ ಅಂಗಡ್ಯಾಗ ಪಾಕೀಟ ಸಿಗ್ತೈತಿ. ಸಣ್ಣಗ ಪುಡಿ ಮಾಡಿ, ತೆಳ್ಳಗಿನ ಅರಿವಿಯೊಳಗ ಗಂಟ ಕಟ್ಟಿ, ಉಗುರು ಬೆಚ್ಚಗಿನ ನೀರಾಗ ಅದ್ದಿ ಹಿಂಡಿದ್ರ ಹಾಲಿನಂಥಾ ನೀರ ಬರ್ತೈತಿ. ಅದನ್ನ ಬೆನ್ನ ಮ್ಯಾಲ ಹೊಯ್ಕೊಳ್ರಿ, ತಿಕ್ಕಬ್ಯಾಡ್ರಿ. ಅಜ್ಜಾರು ಗೋಣ ಹಾಕಿ ಹೋದ್ರು. ನಂಬಿಕಿ ಬಂದಂಗ ಏನೂ ಕಾಣಲಿಲ್ಲ.

ಎರಡ ವಾರಕ್ಕ ಮತ್ತ ಬಂದ್ರು. ಕರೀಲಾರದ ಒಳಗ ಬಂದು ಅಂಗಿ ಎತ್ತಿ ಬೆನ್ನ ತೋರಿಸಿದ್ರು. ಬಿರಕು ಮುಚ್ಚಿದ್ದವು. ಡಾಕ್ಟರಬಾಯಿಗೆ ಕೈ ಮುಗದು ಅಂದ್ರು: "ತಂಗಿ, ಇಪ್ಪತ್ತೊಂದ ವರ್ಷದಾಂವ ಇದ್ದಾಗಿಂದ ಒಂದೂ ತಪ್ಪಸದ ಓಟ ಹಾಕೇನಿ. ನನಗ ಉಪಯೋಗಕ್ಕ ಬಂದ ಓಟು ಇದ ಮೊದಲಿಂದು."

ಕಿವಿ ಹಿಂದ

ನರಗುಂದದ ಒಬ್ಬಾಕಿ ಇದ್ದಳು. ಮಾರಿಗೆ ಕಂಡಕಂಡ ಕ್ರೀಮು ಹಚ್ಚಿ ಗಲ್ಲ ಕೆಂಪಗ ಮಾಡ್ಕೊಂಡಿದ್ದಳು. ಅಕಿಗೆ ಡಾಕ್ಟರಬಾಯಿ ಲೋಳಸರ ಹೇಳಿ, ಒಂದ ಎಚ್ಚರಿಕಿ ಕೊಟ್ರು: "ಗಿಡದ್ದೇ ಆದ್ರೂ ಎಲ್ಲರಿಗೂ ಆಗಿಬರಲ್ಲ. ಮೊದಲು ಕಿವಿ ಹಿಂದೆ ಸ್ವಲ್ಪ ಹಚ್ಚಿ. ಒಂದು ದಿನ ನೋಡಿ. ಕೆಂಪಾಗದೆ ಇದ್ರೆ ಆಮೇಲೆ ಮುಖಕ್ಕೆ."

ಮುಂದಿನ ವಾರ ಅಕಿ ಬಂದಾಗ ಹಿಂದ ಗಂಡ ಇದ್ದ. ಟವೆಲ್ಲ ಕಿವಿ ಮ್ಯಾಲ ಸುತಗೊಂಡಿದ್ದ. ಬಿಚ್ಚಿದ ಮ್ಯಾಲ ನೋಡಿದ್ರ ಒಂದ ಕಿವಿ ಬಾತು ಮಿರ್ಚಿಭಜಿಯಂಗ ಆಗಿತ್ತು.

"ಇವರಿಗೆ ಏನಾಯ್ತು?"

ಅಕಿ ಹೇಳಿದ್ಲು: "ನೀವ ಹೇಳಿದ್ರಿ ಅಲ್ರಿ, ಕಿವಿ ಹಿಂದ ಹಚ್ಚಿ ನೋಡ್ರಿ ಅಂತ. ನನ್ನ ಕಿವಿ ಹಿಂದ ನನಗ ಹ್ಯಾಂಗ ಕಾಣಸ್ತೈತ್ರಿ? ಅದಕ್ಕ ಇವರಿಗೆ ಹಚ್ಚಿ ನೋಡಿದೆ."

ಹಳದಿ ಹಾಲು ಇಳಿಸೂದು ಅಕಿ ಮರತಿದ್ಲು. ಅದು ಹತ್ತಿ ಕಿವಿ ಹಂಗಾಗಿತ್ತು. ಡಾಕ್ಟರಬಾಯಿ ಮುಲಾಮು ಬರಕೊಟ್ಟು, ಒಬ್ಬರ ಚರ್ಮ ಇನ್ನೊಬ್ಬರ ಹಾಗಿರಲ್ಲ, ನೀವು ನಿಮ್ಮ ಮೇಲೇ ಹಚ್ಚಿ ನೋಡ್ಬೇಕು ಅಂತ ಸಮಾಧಾನದಿಂದ ತಿಳಿಸಿದ್ರು. ನಾನೂ ನಮ್ಮ ಮಾತಿನ್ಯಾಗ ಮತ್ತೊಮ್ಮೆ ಹೇಳಿದೆ. ಗಂಡ ಪಾಪ, ಮತ್ತ ಟವೆಲ್ಲ ಸುತಗೊಂಡ. ಬಾಗಿಲತನಾ ಹೋದಾಕಿ ಹೊಳ್ಳಿ ಬಂದು ನನ್ನ ಕಿವಿಯಾಗ ಕೇಳಿದ್ಲು:

"ಅಕ್ಕಾರ, ಹಾಲು ಇಳಿಸಿದ್ದು ಒಮ್ಮೆ ಹಚ್ಚಿ ನೋಡಿದ್ರ ಹ್ಯಾಂಗ್ರಿ? ಇವರಿಗೆ ಇನ್ನೊಂದ ಕಿವಿ ಐತಲ್ಲ."

ತೊಗಲಿನ ಹೆಪ್ಪ

ಇದರ ನಡುವ ನನ್ನ ಕೈ ಒಂದ ದಿನ ಚಲೋ, ಒಂದ ದಿನ ಮತ್ತ ಕೆಟ್ಟ. ಬೂದಿ ಬಿಟ್ಟೆ, ಸಾಬೂನ ಬಿಟ್ಟೆ, ಆದ್ರೂ ಸೀಳು ಲಗೂ ಕೂಡವಲ್ದು. ನಮ್ಮ ಮನಿಯವರು ಮೂರು ದಿನಕ್ಕೊಂದು ಸೀರಿ ಇಳಸವರು, ಈಗ ವಾರಕ್ಕೊಂದು ಇಳಸಾಕ ಹತ್ತಿದ್ರು. ಯಾರರ ಕೇಳಿದ್ರ, ಲಾಳಿ ಮಾತ ಕೇಳವಲ್ದು ಅಂತಿದ್ರು. ಲಾಳಿ ಚಲೋನ ಇತ್ತು. ಹಾಸು ಲಗೂ ಮುಗೀಬಾರದಂತ ಮನಿಷಾ ಕೈ ಹಗುರ ಮಾಡಿದ್ದ. ಬಾಯಿ ಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದೊಂದು ಉಪಕಾರ ನಾ ಮರಿಯಾಂಗಿಲ್ಲ.

ಯಾಕ ಕೂಡವಲ್ದು ಅಂತ ಕೇಳಿದ್ದಕ್ಕ ಡಾಕ್ಟರಬಾಯಿ ಹೇಳಿದ್ರು: ನಮ್ಮ ತೊಗಲಿನ ಮ್ಯಾಲ ಕಣ್ಣಿಗೆ ಕಾಣಲಾರದ ಸಣ್ಣ ಸಣ್ಣ ಜೀವ ಇರ್ತಾವ, ಅವು ಚಲೋ ಜೀವ, ಕೆಟ್ಟದ್ದು ಒಳಗ ಬರಲಾರದಂಗ ಕಾಯ್ತಾವ. ನಾ ಬೂದಿಯಿಂದ, ಸಾಬೂನಿನಿಂದ ಅವನ್ನ ತೊಳದು ಹಾಕೇನಿ. ಅವು ಮತ್ತ ಬೆಳೀಬೇಕಂದ್ರ ದಿನ ಹಿಡೀತಾವ.

ಅತ್ತಿ ಎದ್ದ ನಿಂತ್ರು. "ನಮ್ಮ ಮನ್ಯಾಗ ಯಾರಿಗೂ ಹುಳಾ ಇಲ್ಲ. ನಾವು ದಿನಾ ಜಳಕ ಮಾಡವರು."

ಹೊರಗ ಕುಂತವರೂ ಗೋಣ ಎತ್ತಿ ನೋಡಾಕ ಹತ್ತಿದ್ರು. ನಾ ಬಾಯಿಗೆ ಬಂದದ್ದು ಅಂದೆ: "ಹುಳಾ ಅಲ್ರಿ ಅತ್ತಿ. ಹೆಪ್ಪ. ಹಾಲಿಗೆ ಹೆಪ್ಪ ಇರ್ತೈತಲ್ಲ, ಹಂಗ ತೊಗಲಿಗೂ ಒಂದ ಹೆಪ್ಪ ಇರ್ತೈತಿ. ಕುದಿಯೂ ಹಾಲಿಗೆ ಹೆಪ್ಪ ಹಾಕಿದ್ರ ಸಾಯ್ತೈತಿ, ಬೂದಿ ಸಾಬೂನ ಬಿದ್ರೂ ಸಾಯ್ತೈತಿ. ನನ್ನ ಕೈ ಹೆಪ್ಪ ಸತ್ತೈತಿ."

"ಹಿಂಗ ತಿಳಿಯೂವಂಗ ಹೇಳಬೇಕು," ಅಂತ ಅತ್ತಿ ಕುಂತ್ರು. ಡಾಕ್ಟರಬಾಯಿಗೆ ಆ ಮಾತು ಎಷ್ಟ ಸೇರಿತಂದ್ರ, ಅವತ್ತಿಂದ ಬಂದವರಿಗೆಲ್ಲಾ, "ನಿಮ್ಮ ಹೆಪ್ಪು ಹೋಗಿದೆ," ಅಂತ ಅವರ ಹೇಳಾಕ ಹತ್ತಿದ್ರು.

ಇದರ ಪರಿಣಾಮ ನಮ್ಮ ಮನಿಗೇ ಬಂತು. ಒಂದ ಸಂಜಿ ರಾಜೂರದಾಕಿ ಒಬ್ಬಾಕಿ, ಅಕಿ ತವರಮನಿ ನಮ್ಮ ಓಣ್ಯಾಗ, ಕೈಯಾಗ ಒಂದ ಸಣ್ಣ ಬಟ್ಟಲ ಹಿಡ್ಕೊಂಡು ಅತ್ತಿ ಮುಂದ ಬಂದು ನಿಂತ್ಲು. "ಅಮ್ಮಾರ, ಒಂದೀಟ ಹೆಪ್ಪ ಕೊಡ್ರಿ."

"ಹಾಲ ಕಾಸೀದೇನು?"

"ಮೊಸರಿನ ಹೆಪ್ಪ ಅಲ್ರಿ. ಮಾರಿ ಹೆಪ್ಪ. ಈ ವಯಸ್ಸಿನ್ಯಾಗೂ ನಿಮ್ಮ ಗಲ್ಲ ನೋಡ್ರಿ ಹ್ಯಾಂಗ ಅದಾವ. ನಿಮ್ಮ ಹೆಪ್ಪ ಜಿಗಟ ಇರಬೇಕು. ರೋಣದ ಡಾಕ್ಟರು ನಂದು ಹೋಗೇತಿ ಅಂದ್ರು."

ನಾ ಒಳಗ ಬಾಯಾಗ ಸೆರಗ ತುರಕೊಂಡೆ. ನಮ್ಮ ಅತ್ತಿ ನಗಲಿಲ್ಲ. ಹೊಗಳಿಕಿ ಅವರಿಗೆ ಚಲೋ ಹಿಡಿಸಿತ್ತು. ಆದ್ರ ರೂಢಿ ಅಂದ್ರ ರೂಢಿ. "ದೀಪಾ ಹಚ್ಚಿದ ಮ್ಯಾಲ ಹೆಪ್ಪ ಕೊಡೂದಿಲ್ಲವಾ, ಮನಿ ಲಕ್ಷ್ಮಿ ಹೋಗ್ತಾಳ. ಮುಂಜಾನೆ ಬಾ." ಅಕಿ ಮುಂಜಾನೆ ಖರೇನ ಬಂದ್ಲು. ಅತ್ತಿ ತಮ್ಮ ಗಲ್ಲಕ್ಕ ಮೂರ ಸಲ ಕೈ ಒತ್ತಿ ಅಕಿ ಗಲ್ಲಕ್ಕ ಒತ್ತಿದ್ರು. ಬರೇ ಬಟ್ಟಲ ಒಯ್ಯಬಾರದಂತ ಅದರಾಗ ಗಟ್ಟಿ ಮೊಸರ ಹಾಕಿ ಕಳಿಸಿದ್ರು. ಹೋಗೂವಾಗ ಹಿಂದಿಂದ ಕೂಗಿ ಹೇಳಿದ್ರು: "ಮೊಸರ ತಿನ್ನು, ಮಾರಿಗೆ ಹಚ್ಚಬ್ಯಾಡ. ಎರಡೂ ಬ್ಯಾರೆ ಬ್ಯಾರೆ ಹೆಪ್ಪ."

ಅದ ವಾರ ಆರನೇ ಸೀರಿ ಮಗ್ಗಕ್ಕ ಹತ್ತಿತ್ತು. ಇನ್ನ ನಾಕೈದ ದಿನಕ್ಕ ಹಾಸು ಮುಗೀತಿತ್ತು. ಸಂಜಿ ಮುಂದ ನಾ ಒಬ್ಬಾಕಿನ ಕುಂತು ಎರಡ ಎಳಿ ಹಿಡದು ಹೊಸದ ನೋಡಿದೆ. ಎಳಿ ಬೆರಳಿಗೆ ಸಿಕ್ಕೊಂತು, ಹರೀತು. ಇನ್ನೆರಡ ಹಿಡದೆ, ಅವೂ ಹರದವು. ಕಣ್ಣಾಗ ನೀರು ಬಂತು. ಅಂಥಾದ್ರಾಗ ಅತ್ತಿ ದೇವರಿಗೆ ದೀಪಾ ಹಚ್ಚಿ ಹೊರಗ ಬಂದ್ರು. ನನ್ನ ನೋಡಿದ್ರು, ಹರದ ಎಳಿ ನೋಡಿದ್ರು. ನನ್ನ ಎದುರಿಗೆ ಕುಂತು ಎರಡೂ ಕೈ ಮುಂದ ಮಾಡಿದ್ರು.

"ಹಿಡಿ."

"ಏನ್ರಿ ಅತ್ತಿ?"

"ಹೆಪ್ಪ."

"ದೀಪಾ ಹಚ್ಚೇರಲ್ರಿ."

"ಹೊರಗಿನವರಿಗೆ ಕೊಡಬಾರದು. ನೀ ಮನಿಯಾಕಿ."

ಇಪ್ಪತ್ತ ವರ್ಷದಾಗ ಅವರು ನನ್ನ ಕೈ ಹಿಡದದ್ದು ಅದ ಮೊದಲು. ಅಂಗೈ ಖರಖರ ಅಂತಿತ್ತು, ಕೆಲಸ ಮಾಡಿದ ಮುಪ್ಪಿನ ಕೈ ಅಂತ ತಿಳಕೊಂಡೆ. ಕೈ ಬಿಡಸ್ಕೊಂಡು ಕಣ್ಣ ಒರಿಸಿಕೊಳ್ಳಾಕ ಹ್ವಾದೆ, ಅವರು ಗಟ್ಟೆ ಹಿಡದ್ರು. "ಅಲ್ಲಾಡಬ್ಯಾಡ. ಹೆಪ್ಪ ಹಾಕಿದ ಮ್ಯಾಲ ಅಲ್ಲಾಡಿಸಿದ್ರ ನೀರಾಗ್ತೈತಿ." ಅಷ್ಟರಾಗ ನಮ್ಮ ಮನಿಯವರು ಮಗ್ಗದ ಮನಿಯಿಂದ ಬಂದು, ಒಲಿ ಮ್ಯಾಲ ರೊಟ್ಟಿ ಹತ್ತಾಕ ಹತ್ತೇತಿ, ಇಬ್ಬರೂ ಕೈ ಹಿಡ್ಕೊಂಡು ಕುಂತೀರಲ್ಲ, ಏನ ನಡಿಸೀರಿ ಅಂತ ಕೇಳಿದ್ರು.

ಅತ್ತಿ ತಿರುಗಿ ಸುದ್ದಾ ನೋಡಲಿಲ್ಲ. "ರೊಟ್ಟಿ ನೀ ಹೊಳ್ಳಿಸು. ನಾವು ಕೂಡಾಕ ಹತ್ತೇವಿ."

ನಸುಕಿನ್ಯಾಗ ಬರಾಕಿ

ನಾ ಸಾಬೂನ ಮುಟ್ಟಲಾರದ ದಿನದಾಗ ನಮ್ಮ ಮನಿ ಭಾಂಡಿ ಯಾರು ತಿಕ್ಕತಿದ್ರು ಅನ್ನೂದು ಹೇಳಬೇಕು. ಪಥ್ಯ ಕೇಳಿ ಬಂದ ದಿನಾನ ಅತ್ತಿ ಹೇಳಿದ್ರು: "ಓಣ್ಯಾಗ ಒಬ್ಬಾಕಿಗೆ ಹೇಳೇನಿ. ನಸುಕಿನ್ಯಾಗ ಬಂದು ಹಿತ್ತಲದಾಗ ತಿಕ್ಕಿ ಹೋಗ್ತಾಳ. ನೀ ಏಳಬ್ಯಾಡ. ಮಂದಿ ಮುಂದ ತಿಕ್ಕಾಕ ಅಕಿಗೆ ನಾಚಿಕಿ."

ನಾ ಒಂದ ದಿನಾನೂ ಅಕಿ ಮಾರಿ ನೋಡಲಿಲ್ಲ. ಕೆಲಸ ಮಾತ್ರ ನೋಡಿದೆ. ಅಕಿ ಕೆಲಸ ಅಷ್ಟಕ್ಕಷ್ಟ. "ಅತ್ತಿ, ಬೋಗಾಣಿ ಬುಡ ಕರ್ರಗ ಉಳದೈತಿ, ಅಕಿಗೆ ಹೇಳ್ರಿ," ಅಂದ್ರ, "ಹೇಳ್ತೇನಿ," ಅಂತಿದ್ರು. ಕುಕ್ಕರಿನ ಮುಚ್ಚಳದಾಗ ಬ್ಯಾಳಿ ಹಂಗ ಐತ್ರಿ ಅಂದ್ರ, "ಹೇಳ್ತೇನಿ." ಒಂದ ದಿನ ನನಗ ಸಿಟ್ಟ ಬಂತು. "ಕಣ್ಣ ಕಾಣಸ್ತಾವೋ ಇಲ್ಲೋ ಅಕಿಗೆ? ಬಿಡಿಸಿ ಬ್ಯಾರೆದಾಕಿನ ನೋಡ್ರಿ." ಅತ್ತಿ ಭಾಳ ಮೆತ್ತಗ ಅಂದ್ರು: "ಬ್ಯಾಡವಾ. ಪಾಪ, ಭಾಳ ವರ್ಷದಿಂದ ಈ ಓಣ್ಯಾಗ ಅದಾಳ."

ಆರನೇ ಸೀರಿ ಇಳಿಯೂ ಹೊತ್ತಿಗೆ ಸೀಳು ಮುಚ್ಚಿದವು. ಎಣ್ಣಿಯಿಂದಲೋ, ಅಜ್ಜಾರ್ನ ನೋಡಿ ನಾನೂ ಕೈಗೆ ಹೊಯ್ಕೊಂಡ ಓಟ್ಸಿನ ನೀರಿನಿಂದಲೋ, ಬೂದಿ ಬಿಟ್ಟಿದ್ದಕ್ಕೋ, ನನಗ ಗೊತ್ತಿಲ್ಲ. ಬೂದಿ ಬದಲಿ ಬೆರಳಿಗೆ ಒಂದೀಟ ಅಕ್ಕಿ ಹಿಟ್ಟ ಹಚ್ಕೊಂಡು ಕುಂತೆ. ಮೊದಲನೇ ಎಳಿ ಹೊಸದೆ, ಹರೀಲಿಲ್ಲ. ನೂರು ಹೊಸದೆ, ಹರೀಲಿಲ್ಲ. ಎರಡೂವರಿ ದಿನದಾಗ ಹಾಸು ಪೂರಾ ಕೂಡಿಸಿ ಎದ್ದಾಗ, ಮಗ್ಗದ ಮುಂದ ಕೈ ಮುಗದು ನಿಂತೆ.

ಮುಂದಿನ ವಾರ ಮೂವರೂ ರೋಣಕ್ಕ ಹ್ವಾದಿವಿ. ಡಾಕ್ಟರಬಾಯಿಗೆ ಕೊಡಾಕ ಶೇಂಗಾ ಹೋಳಿಗಿ ಮಾಡಿದ್ದೆ. ನಮ್ಮ ಮನಿಯವರು ಹೋಳಿಗಿ ಡಬ್ಬಿ ಕೊಟ್ಟು, ಬಾಗಿಲ ಬಾಜೂ ಖುರ್ಚಿ ಮ್ಯಾಲ ಕುಂತು ಮೊಬೈಲ ತಗದ್ರು. ಡಾಕ್ಟರಬಾಯಿ ನನ್ನ ಬೆರಳು ಒಂದೊಂದ ಮುಟ್ಟಿ ನೋಡಿ, ತಮ್ಮ ಕೈಯೇ ವಾಸಿ ಆದಷ್ಟು ಖುಷಿ ಪಟ್ರು. ಯಾವುದರಿಂದ ಗುಣ ಆಯ್ತು ಅನ್ಸುತ್ತೆ ಅಂತ ಕೇಳಿದ್ರು.

"ನನ್ನ ಹೆಪ್ಪದಿಂದ್ರಿ," ಅಂದ್ರು ಅತ್ತಿ.

ಡಾಕ್ಟರಬಾಯಿ ನಕ್ಕೋತ, ಅಂಥಾ ಕೈ ನಾನೂ ನೋಡ್ತೀನಿ ಕೊಡಿ ಅಜ್ಜಿ, ಅಂತ ಅತ್ತಿ ಕೈ ತಗೊಂಡ್ರು. ನಗೂ ನಿಂತಿತು. ಅಂಗೈ ಕೆಂಪಗಾಗಿತ್ತು, ಬೆರಳಿನ ತುದಿ ಎಲ್ಲಾ ಸೀಳಿದ್ದವು. ಎರಡ ತಿಂಗಳ ಹಿಂದಿನ ನನ್ನ ಕೈನ ತಂದ ಅಲ್ಲಿ ಇಟ್ಟಂಗಿತ್ತು.

ನಾ ನನ್ನ ಕೈ ಹಿಂದ ಸರಸ್ಕೊಂಡೆ. "ನಂದು ಅವರಿಗೆ ಅಂಟೇತೇನ್ರಿ?"

"ಇದು ಅಂಟೋದಲ್ಲ. ಅಜ್ಜಿ, ಮನೇಲಿ ಪಾತ್ರೆ ಯಾರು ತೊಳೀತಾರೆ?"

ಅತ್ತಿ ಮ್ಯಾಲ ಫ್ಯಾನ ನೋಡಿದ್ರು. "ಒಬ್ಬಾಕಿ ಬರ್ತಾಳ್ರಿ."

"ಯಾರು?"

"ನಸುಕಿನ್ಯಾಗ ಬರ್ತಾಳ್ರಿ."

ಆವಾಗ ನನಗ ತಿಳೀತು. ನನಗ ದಿನಾ ಬೈದ ಬಾಯಿ, ಎರಡ ತಿಂಗಳು ನನ್ನ ಕಡಿಂದ ಬೈಸಿಕೊಂಡು, "ಹೇಳ್ತೇನಿ, ಹೇಳ್ತೇನಿ," ಅಂತ ಸುಮ್ಮನಿತ್ತು. ಮಂಜಗಣ್ಣಿಗೆ ಬೋಗಾಣಿ ಬುಡ ಹ್ಯಾಂಗ ಕಾಣಬೇಕು? ನಾ ಡಾಕ್ಟರ ಮುಂದನ ಅತ್ತಿ ಕೈ ಹಿಡ್ಕೊಂಡು ಜೋರಾಗಿ ಅಳಾಕ ಹತ್ತಿದೆ. ಅತ್ತಿ ಕೈ ಹಿಂದ ತಗೊಂಡ್ರು. "ಮ್ಯಾಲ ಬೀಳಿಸಬ್ಯಾಡ ಬೇ. ಉಪ್ಪ ನೀರು, ಸೀಳಿಗೆ ಉರೀತೈತಿ."

ಡಾಕ್ಟರಬಾಯಿ ಕಣ್ಣ ಒರಿಸಿಕೊಂಡು ಚೀಟಿ ಬರದ್ರು. ಅಜ್ಜಿಗೆ ಸಾಬೂನ ಪೂರಾ ಬಂದ್. ನನಗೂ ಇನ್ನ ಎರಡ ತಿಂಗಳು ಬಂದ್. ಬರಿಯೂದು ಮುಗಿಸಿ, "ಮನೇಲಿ ಇನ್ನು ಯಾರಿದ್ದಾರೆ?" ಅಂತ ಕೇಳಿದ್ರು.

ಮೂವರೂ ಬಾಗಿಲ ಕಡೆ ನೋಡಿದಿವಿ. ನಮ್ಮ ಮನಿಯವರು ಮೊಬೈಲಿನಿಂದ ಗೋಣ ಎತ್ತಿದ್ರು. ಇಷ್ಟೊತ್ತು ನಡದದ್ದು ಅವರ ಕಿವಿಗೆ ಒಂದೂ ಬಿದ್ದಿದ್ದಿಲ್ಲ.

"ನಾಳಿಂದ ಭಾಂಡಿ ನೀವು ತಿಕ್ಕಬೇಕಂತ್ರಿ," ಅಂದೆ.

"ನಾ ಯಾಕ? ನಸುಕಿನ್ಯಾಗ ಒಬ್ಬಾಕಿ ಬರ್ತಾಳಲ್ಲ, ಅಕಿಗೇ ಹೇಳ್ರಿ."

ಅತ್ತಿ ಎದ್ದು ಸೆರಗ ಸರಿ ಮಾಡ್ಕೊಂಡ್ರು. "ಅಕಿ ಇನ್ನ ಬರೂದಿಲ್ಲಪಾ. ಅಕಿ ಸೊಸಿ ಬಿಡವಲ್ಲಳು."